ಏಡ್ರಿಯನ್ ಕ್ಯಾಡ್ಬರಿ: ಅಧ್ಯಕ್ಷರಿಗೇ ಲಗಾಮು ಹಾಕಿದ ಅಧ್ಯಕ್ಷ?

ಬಸವನಗುಡಿ ಬೆಂಚು (ಚರ್ಚೆ ಶುರು ಮಾಡಿದವರು)

ಕಂಪನಿ ಕಾನೂನು ಓದಿದವರಿಗೆ ಕ್ಯಾಡ್ಬರಿ ಅಂದ್ರೆ ಒಂದು ವರದಿ. ಉಳಿದವರಿಗೆ ಡೈರಿ ಮಿಲ್ಕ್. ಎರಡೂ ಒಂದೇ ಮನೆತನದ್ದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಸರ್ ಏಡ್ರಿಯನ್ ಕ್ಯಾಡ್ಬರಿ ಬಗ್ಗೆ ಈ ಥ್ರೆಡ್.

ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟರು. ಚಹಾ, ಕಾಫಿ, ಕುಡಿಯುವ ಕೋಕೋ ಮಾರುತ್ತಿದ್ದರು. ಅವರ ಮಕ್ಕಳು ರಿಚರ್ಡ್ ಮತ್ತು ಜಾರ್ಜ್ 1879ರಲ್ಲಿ ಕಾರ್ಖಾನೆಯನ್ನು ಊರಾಚೆಯ ಬೋರ್ನ್‌ವಿಲ್‌ಗೆ ಸಾಗಿಸಿದರು. ನಮ್ಮ ಏಡ್ರಿಯನ್ ಆ ಜಾರ್ಜ್ ಅವರ ಮೊಮ್ಮಗ. ಹುಟ್ಟಿದ್ದು 1929. ಈಟನ್ ಶಾಲೆ, ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಅರ್ಥಶಾಸ್ತ್ರ. ದೋಣಿ ಹುಟ್ಟು ಹಾಕುವುದರಲ್ಲಿ ಗಟ್ಟಿಗ. 1952ರಲ್ಲಿ ಹಿಮ ಸುರಿಯುತ್ತಿದ್ದ ದಿನ ಆಕ್ಸ್‌ಫರ್ಡ್ ವಿರುದ್ಧ ಕೇಂಬ್ರಿಡ್ಜ್ ಕೂದಲೆಳೆಯಲ್ಲಿ ಸೋತಿತಲ್ಲ, ಆ ದೋಣಿಯಲ್ಲಿ ಇವರೂ ಇದ್ದರು. ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಾಲ್ವರ ದೋಣಿ ಸ್ಪರ್ಧೆ. ಬಂದದ್ದು ನಾಲ್ಕನೇ ಸ್ಥಾನ.

ಆಮೇಲೆ ಮನೆ ಕಂಪನಿ. 1958ಕ್ಕೆ ಬೋರ್ಡು, ಅಂದರೆ ನಿರ್ದೇಶಕರ ಮಂಡಳಿ, 1965ಕ್ಕೆ ಅಧ್ಯಕ್ಷ. 1969ರಲ್ಲಿ ಸೋಡಾ, ಟಾನಿಕ್ ಮಾಡುವ ಶ್ವೆಪ್ಸ್ ಜೊತೆ ವಿಲೀನ. ಕೆಲವು ವರ್ಷ ಎರಡನೇ ಸಾಲಿನಲ್ಲಿ ಕೆಲಸ ಮಾಡಿ 1975ರಿಂದ 1989ರವರೆಗೆ ಕ್ಯಾಡ್ಬರಿ ಶ್ವೆಪ್ಸ್ ಅಧ್ಯಕ್ಷ. 1970ರಿಂದ 1994ರವರೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕ. 1977ರಲ್ಲಿ 'ಸರ್' ಪದವಿ. ಜನ ಅವರನ್ನು ಇವತ್ತು ನೆನೆಯೋದು ಮಾತ್ರ ನಿವೃತ್ತಿಯಾದ ಮೇಲೆ ಮಾಡಿದ ಕೆಲಸಕ್ಕೆ, ಅಂದರೆ 1992ರ ವರದಿಗೆ. ಒಬ್ಬನೇ ಮನುಷ್ಯನ ಕೈಯಲ್ಲಿ ಕಂಪನಿಯ ಪೂರ್ತಿ ಅಧಿಕಾರ ಇರಬಾರದು ಅನ್ನುವುದು ಅದರ ತಿರುಳು.

ಕುರ್ಚಿ ಸಿಕ್ಕಿದ್ದು ಹುಟ್ಟಿನ ಬಲದಿಂದ. ನಿಯಮ ಬರೆದದ್ದು ಅಂಥ ಕುರ್ಚಿಗಳ ಮೇಲೆಯೇ. ನನಗಂತೂ ಇದರಲ್ಲಿ ವಿರೋಧ ಕಾಣುವುದಿಲ್ಲ. ಒಳಗಿದ್ದು ನೋಡಿದವನು ಬರೆದದ್ದಕ್ಕೇ ಆ ವರದಿ ನಿಂತಿತು. ನಿಮಗೇನನ್ನಿಸುತ್ತೆ?

ಹೊಸಬ

ಸರ್, ದಡ್ಡ ಪ್ರಶ್ನೆ ಅನ್ಕೋಬೇಡಿ. ಚೇರ್ಮನ್, ಎಂಡಿ ಇಬ್ಬರೂ ಯಾಕೆ ಬೇಕು? ನಮ್ಮೂರ ಸೊಸೈಟಿಯಲ್ಲಿ ಅಧ್ಯಕ್ಷರು ಬಾವುಟ ಹಾರಿಸೋಕೆ ಬರ್ತಾರೆ. ಕೆಲಸ ಎಲ್ಲಾ ಸೆಕ್ರೆಟರಿದು.

ಕಾಮರ್ಸ್ ಮೇಡಂ

ದಡ್ಡ ಪ್ರಶ್ನೆ ಅಲ್ಲಪ್ಪ, ಅದೇ ಮುಖ್ಯ ಪ್ರಶ್ನೆ. ಕಂಪನಿ ನಡೆಸೋದು ಎಂಡಿ ಅಥವಾ ಸಿಇಒ. ಏನು ಮಾಡಬೇಕು, ಎಷ್ಟು ಖರ್ಚು, ಯಾರನ್ನು ತಗೋಬೇಕು, ಎಲ್ಲ ಅವರದ್ದು. ಅಧ್ಯಕ್ಷರು ನಡೆಸೋದು ಬೋರ್ಡನ್ನು. ಬೋರ್ಡಿನ ಕೆಲಸ ಆ ಎಂಡಿಯನ್ನೇ ಪ್ರಶ್ನೆ ಕೇಳೋದು. ಬೇಕಾದರೆ ಮನೆಗೆ ಕಳಿಸೋದು. ಈಗ ಇಬ್ಬರೂ ಒಬ್ಬರೇ ಆದ್ರೆ? ಉತ್ತರ ಪತ್ರಿಕೆ ಬರೆದವನೇ ಮಾರ್ಕ್ಸ್ ಹಾಕಿದ ಹಾಗೆ.

ಆ 1992ರ ವರದಿ ಬರೆದದ್ದು ಏಡ್ರಿಯನ್ ಅಧ್ಯಕ್ಷರಾಗಿದ್ದ ಒಂದು ಸಮಿತಿ. ಅದು ಯಾಕೆ ಹುಟ್ಟಿತು ಅಂತ ನೋಡಿದರೆ ಇದು ಇನ್ನೂ ಸ್ಪಷ್ಟ ಆಗುತ್ತೆ. 1990ರ ಅಕ್ಟೋಬರಿನಲ್ಲಿ ಪಾಲಿ ಪೆಕ್ ಅನ್ನುವ ಕಂಪನಿ ಕುಸಿಯಿತು. ಅದರ ಯಜಮಾನ ಅಸಿಲ್ ನಾದಿರ್. ಅಧ್ಯಕ್ಷನೂ ಅವನೇ, ಮುಖ್ಯ ಕಾರ್ಯನಿರ್ವಾಹಕನೂ ಅವನೇ. ಲೆಕ್ಕಪರಿಶೋಧಕರು ಸಹಿ ಹಾಕಿದ ಲೆಕ್ಕ ನೋಡಿ ದುಡ್ಡು ಹಾಕಿದವರು ಮುಳುಗಿದರು. ಮುಂದೆ 1993ರಲ್ಲಿ ಅವನು ಉತ್ತರ ಸೈಪ್ರಸ್‌ಗೆ ಓಡಿಹೋದ. 2010ರಲ್ಲಿ ವಾಪಸ್ ಬಂದ, 2012ರಲ್ಲಿ 10 ವರ್ಷ ಜೈಲು ಶಿಕ್ಷೆ ಆಯಿತು. ಅದು ಬೇರೆ ಕತೆ.

ಈ ಹಿನ್ನೆಲೆಯಲ್ಲಿ 1991ರ ಮೇ ತಿಂಗಳಲ್ಲಿ ಸಮಿತಿ ಮಾಡಿದರು. ಲಂಡನ್ ಷೇರುಪೇಟೆ, ಕಂಪನಿಗಳ ಲೆಕ್ಕ ವರದಿಯ ಮೇಲೆ ಕಣ್ಣಿಡುವ ಫೈನಾನ್ಷಿಯಲ್ ರಿಪೋರ್ಟಿಂಗ್ ಕೌನ್ಸಿಲ್, ಲೆಕ್ಕಪರಿಶೋಧಕರ ಸಂಸ್ಥೆಗಳು ಸೇರಿ ಮಾಡಿದ್ದು. ಮೊದಮೊದಲು ಯಾರೂ ಅಷ್ಟೊಂದು ತಲೆ ಕೆಡಿಸಿಕೊಂಡಿರಲಿಲ್ಲ. ಅದೇ ಜುಲೈನಲ್ಲಿ ವಂಚನೆ ಬಯಲಾಗಿ ಬಿಸಿಸಿಐ ಅನ್ನುವ ಅಂತರರಾಷ್ಟ್ರೀಯ ಬ್ಯಾಂಕಿಗೆ (ಕ್ರಿಕೆಟ್ ಮಂಡಳಿ ಅಲ್ಲ) ಬೀಗ ಬಿತ್ತು. ನವೆಂಬರ್ 5ಕ್ಕೆ ಬ್ರಿಟನ್ನಿನ ಪತ್ರಿಕೆಗಳ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ ತನ್ನ ಹಡಗಿನಿಂದ ಕೆನರಿ ದ್ವೀಪಗಳ ಹತ್ತಿರ ಸಮುದ್ರಕ್ಕೆ ಬಿದ್ದು ಸತ್ತ. ಆಮೇಲೆ ಲೆಕ್ಕ ತೆಗೆದರೆ ನೌಕರರ ಪಿಂಚಣಿ ನಿಧಿಯಿಂದ 40 ಕೋಟಿ ಪೌಂಡಿಗಿಂತ ಜಾಸ್ತಿ ಮಾಯ! ಈ ಮನುಷ್ಯ ಷೇರುದಾರರ ಕಂಪನಿ ನಡೆಸಲು ನಂಬಿಕೆಗೆ ತಕ್ಕವನಲ್ಲ ಅಂತ ಸರ್ಕಾರದ ತನಿಖಾಧಿಕಾರಿಗಳು 1971ರಲ್ಲೇ ಬರೆದಿದ್ದರು. 20 ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೋರ್ಡು ಅಂತ ಒಂದು ಇತ್ತು, ಕೇಳುವವರು ಇರಲಿಲ್ಲ.

ಸಂಶಯ ಸ್ವಾಮಿ

ಎಲ್ಲ ಸರಿ ಮೇಡಂ. ಒಂದು ವಿಷಯ ಯಾರೂ ಹೇಳ್ತಿಲ್ಲ. 1983ರಿಂದ ಕ್ಯಾಡ್ಬರಿ ಶ್ವೆಪ್ಸ್‌ನ ಸಿಇಒ ಯಾರು? ಡೊಮಿನಿಕ್ ಕ್ಯಾಡ್ಬರಿ. ಏಡ್ರಿಯನ್ ಅವರ ಸ್ವಂತ ತಮ್ಮ. ಅಣ್ಣ ಅಧ್ಯಕ್ಷ, ತಮ್ಮ ಸಿಇಒ, ಆರು ವರ್ಷ. ಕಾಗದದ ಮೇಲೆ ಎರಡು ಹುದ್ದೆ, ಎರಡು ತಲೆ. ಭಾನುವಾರದ ಊಟಕ್ಕೆ ಒಂದೇ ಟೇಬಲ್. ಇವರು ಊರಿಗೆಲ್ಲ ಅಧಿಕಾರ ಹಂಚಿಕೆ ಪಾಠ ಹೇಳಿದ್ದು ಸ್ವಲ್ಪ ತಮಾಷೆ ಅಲ್ವಾ?

ಬಸವನಗುಡಿ ಬೆಂಚು

ಚುಚ್ಚಿದ್ದು ಚೆನ್ನಾಗಿದೆ ಸ್ವಾಮಿಗಳೇ. ಆದ್ರೆ ಇನ್ನೆರಡು ವಿಷಯ ಪಕ್ಕದಲ್ಲಿಡಿ. ಒಂದು, ಆ ಹೊತ್ತಿಗೆ ಅದು ಮನೆ ಕಂಪನಿ ಆಗಿ ಉಳಿದಿರಲಿಲ್ಲ. ಶ್ವೆಪ್ಸ್ ವಿಲೀನದ ಮೇಲೆ ಷೇರುಗಳು ಪೇಟೆ ತುಂಬ ಹರಡಿದ್ದವು. 80ರ ದಶಕದ ಕೊನೆಗೆ ಅಮೆರಿಕದ ಜನರಲ್ ಸಿನೆಮಾ ಅನ್ನುವ ಕಂಪನಿ ದೊಡ್ಡ ಪಾಲು ಕೊಂಡು ಬಾಗಿಲಲ್ಲೇ ಕೂತಿತ್ತು. ಅಣ್ಣ ತಮ್ಮ ಸೇರಿ ಏನಾದರೂ ಎಡವಟ್ಟು ಮಾಡಿದ್ದರೆ ಅವತ್ತೇ ಕಂಪನಿ ಕೈಬಿಡುತ್ತಿತ್ತು.

ಇನ್ನೊಂದು ಮುಖ್ಯ. 1991ರಲ್ಲಿ ಏಕಾಏಕಿ ಅವರಿಗೆ ಜ್ಞಾನೋದಯ ಆದದ್ದಲ್ಲ. ಪ್ರೋ ನೆಡ್ ಅಂತ ಒಂದು ಸಂಸ್ಥೆ ಇತ್ತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಒತ್ತಾಸೆಯಲ್ಲಿ ಹುಟ್ಟಿದ್ದು. ಕಂಪನಿಗಳು ಹೊರಗಿನ ನಿರ್ದೇಶಕರನ್ನು, ಅಂದರೆ ಕಂಪನಿಯಲ್ಲಿ ನೌಕರಿ ಮಾಡದೆ ಬೋರ್ಡಿನಲ್ಲಿ ಮಾತ್ರ ಕೂರುವವರನ್ನು, ತಗೊಳ್ಳಲಿ ಅಂತ ಬೆನ್ನು ಹತ್ತುವುದೇ ಅದರ ಕೆಲಸ. 1984ರಿಂದ ಅದರ ಅಧ್ಯಕ್ಷ ಏಡ್ರಿಯನ್ ಅವರೇ. ಅಂದರೆ ತಮ್ಮ ಸಿಇಒ ಆದ ಮರುವರ್ಷವೇ ಇವರು ಬೇರೆಯವರ ಬೋರ್ಡಿಗೆ ಹೊರಗಿನವರನ್ನು ತುಂಬುವ ಕೆಲಸದಲ್ಲಿದ್ದರು.

ಸಂಶಯ ಸ್ವಾಮಿ

ಬೇರೆಯವರ ಬೋರ್ಡಿಗೆ! ನೀವೇ ಹೇಳಿದಿರಿ 😄

ಬೋರ್ನ್‌ವಿಲ್ ಕನ್ನಡತಿ

ನಾನು ಇರೋದು ಬೋರ್ನ್‌ವಿಲ್‌ಗೆ ಹತ್ತಿರ. ಹಾಗಾಗಿ ಸುಮ್ನೆ ಇರೋಕಾಗ್ತಿಲ್ಲ.

ಇಲ್ಲಿನ ರೈಲ್ವೆ ಸ್ಟೇಷನ್ನಿಗೂ ಕ್ಯಾಡ್ಬರಿಯ ನೇರಳೆ ಬಣ್ಣ ಬಳಿದಿದ್ದಾರೆ. ಕೆಲವು ದಿನ ಗಾಳಿ ಈ ಕಡೆ ಬೀಸಿದರೆ ಪ್ಲಾಟ್‌ಫಾರ್ಮಿನಲ್ಲೇ ಚಾಕೊಲೇಟ್ ವಾಸನೆ. ಕೆಂಪು ಇಟ್ಟಿಗೆ ಮನೆಗಳು, ಪ್ರತಿ ಮನೆಗೂ ಹಿತ್ತಲು, ನಡುವೆ ಹುಲ್ಲುಹಾಸಿನ ಮೈದಾನ. ಜಾರ್ಜ್ ಕ್ಯಾಡ್ಬರಿ ಕಟ್ಟಿಸಿದ ಊರು. ಅವರು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು, ಹೆಂಡ ಮುಟ್ಟದವರು. ಹಾಗಾಗಿ ಇಲ್ಲಿ ಇವತ್ತಿಗೂ ಪಬ್ ಇಲ್ಲ! ಇಂಗ್ಲೆಂಡಿನಲ್ಲಿ ಪಬ್ ಇಲ್ಲದ ಊರು ಅಂದ್ರೆ ನಮ್ಮ ಕಡೆ ಹೋಟೆಲ್ ಇಲ್ಲದ ಬಸ್‌ಸ್ಟ್ಯಾಂಡ್ ಸಿಕ್ಕಷ್ಟೇ ಅಪರೂಪ.

ಏಡ್ರಿಯನ್ ಅವರೇ ಬರೆದ ಒಂದು ಪ್ರಸಂಗ ಹೇಳ್ತೀನಿ. 1987ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಬರೆದ ಲೇಖನದಲ್ಲಿ ಬರುತ್ತೆ. 1900ರಲ್ಲಿ ವಿಕ್ಟೋರಿಯಾ ರಾಣಿಗೆ ದಕ್ಷಿಣ ಆಫ್ರಿಕಾದಲ್ಲಿ ಹೋರಾಡುತ್ತಿದ್ದ ಸೈನಿಕರಿಗೆಲ್ಲ ಒಂದೊಂದು ತಗಡಿನ ಡಬ್ಬಿಯಲ್ಲಿ ಚಾಕೊಲೇಟ್ ಕಳಿಸುವ ಆಸೆ. ಆರ್ಡರ್ ಬಂದದ್ದು ಅಜ್ಜನಿಗೆ. ಅಜ್ಜ ಆ ಬೋಯರ್ ಯುದ್ಧವನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದವರು. ಒಪ್ಪಿಕೊಂಡರೆ ಯುದ್ಧದಿಂದ ಲಾಭ ಮಾಡಿದ ಹಾಗೆ. ಬೇಡ ಅಂದರೆ ರಾಣಿಯ ಮಾತು ಮೀರಿದ ಹಾಗೆ, ಜೊತೆಗೆ ಕಾರ್ಮಿಕರ ಕೈಗೆ ಬಂದ ಕೆಲಸವೂ ತಪ್ಪುತ್ತೆ. ಅಜ್ಜ ಆರ್ಡರ್ ತಗೊಂಡರು. ಅಸಲು ಖರ್ಚಿಗಷ್ಟೇ ಮಾಡಿಕೊಟ್ಟರು, ಒಂದು ಪೆನ್ನಿ ಲಾಭ ಇಟ್ಟುಕೊಳ್ಳಲಿಲ್ಲ.

ಮೊಮ್ಮಗ ಇದನ್ನು ಅಜ್ಜನ ಹೊಗಳಿಕೆಗೆ ಬರೆದದ್ದಲ್ಲ. ಅಜ್ಜನಿಗೆ ಇದು ಸುಲಭ ಆಯ್ತು, ಕಂಪನಿ ಅವರದ್ದೇ ಆಗಿತ್ತು. ಲಾಭ ಬಿಟ್ಟರೆ ಅವರ ಜೇಬಿಗೇ ನಷ್ಟ. ಸಾವಿರಾರು ಷೇರುದಾರರ ದುಡ್ಡು ಹಿಡಿದಿರುವ ಇವತ್ತಿನ ಅಧ್ಯಕ್ಷನಿಗೆ ಆ ಸ್ವಾತಂತ್ರ್ಯ ಇಲ್ಲ. ನನಗೆ ಆ ಲೇಖನದಿಂದ ತಲೆಯಲ್ಲಿ ಉಳಿದದ್ದು ಈ ವ್ಯತ್ಯಾಸ. ಐದು ವರ್ಷ ಬಿಟ್ಟು ಬಂದ ವರದಿಯ ಬೀಜ ಇಲ್ಲೇ ಇದೆ ಅಂತ ನನ್ನ ಲೆಕ್ಕ.

ಸಂಶಯ ಸ್ವಾಮಿ

ಅಕ್ಕ, ಕತೆ ಚೆನ್ನಾಗಿದೆ. ಇನ್ನೊಂದು ಕತೆಯನ್ನೂ ಹೇಳಬೇಕಲ್ಲ. 1901ರಲ್ಲೇ ಕ್ಯಾಡ್ಬರಿ ಮನೆಯವರಿಗೆ ಗೊತ್ತಾಗಿತ್ತು, ಪೋರ್ಚುಗೀಸರ ಸಾವೊ ಟೊಮೆ ದ್ವೀಪದಿಂದ ಬರುವ ಕೋಕೋ ಹಿಂದೆ ಗುಲಾಮರ ದುಡಿತ ಇದೆ ಅಂತ. ಮಾರಾಟಕ್ಕಿದ್ದ ತೋಟವೊಂದರ ಪಟ್ಟಿಯಲ್ಲಿ ಕೂಲಿಯಾಳುಗಳನ್ನೂ ಆಸ್ತಿ ಅಂತ ಬರೆದಿದ್ದರಂತೆ. ವಿಚಾರಣೆ, ಪತ್ರ, ನಿಯೋಗ ಅಂತ ಎಂಟು ವರ್ಷ ಹೋಯ್ತು. ಕೊಳ್ಳೋದು ನಿಲ್ಲಿಸಿದ್ದು 1909ರಲ್ಲಿ. ಪತ್ರಿಕೆಯೊಂದು ಇದನ್ನು ಆಡಿಕೊಂಡಾಗ ಇವರು ಮಾನನಷ್ಟ ಮೊಕದ್ದಮೆ ಹಾಕಿದರು, ಗೆದ್ದರು. ಜ್ಯೂರಿ ಕೊಟ್ಟ ಪರಿಹಾರ ಎಷ್ಟು ಗೊತ್ತಾ? ಒಂದು ಫಾರ್ದಿಂಗ್, ಅಂದ್ರೆ ಪೆನ್ನಿಯಲ್ಲಿ ಕಾಲು ಭಾಗ.

ಬೋರ್ನ್‌ವಿಲ್ ಕನ್ನಡತಿ

ಒಪ್ಪಿದೆ. ಇದನ್ನು ಇಲ್ಲಿ ಯಾರೂ ಮುಚ್ಚಿಡೋದಿಲ್ಲ. ಆದರೆ ಏಡ್ರಿಯನ್ ಹುಟ್ಟುವುದಕ್ಕೆ 20 ವರ್ಷ ಮುಂಚಿನ ಮಾತು ಅದು.

ಅಡಿಕೆ ತೋಟ

ನಮ್ಮದು ಪುತ್ತೂರು ಕಡೆ ಮಾರಾಯ್ರೆ. ಕೊಕ್ಕೋ ಅಂತ ಹೆಸರು ಬಂದ ಮೇಲೆ ನಾವು ಹೇಗೆ ಸುಮ್ಮನೆ ಕೂರುವುದು?

ದಕ್ಷಿಣ ಭಾರತದಲ್ಲಿ ಈ ಬೆಳೆಯನ್ನು ದೊಡ್ಡದಾಗಿ ಹಬ್ಬಿಸಿದ್ದೇ ಕ್ಯಾಡ್ಬರಿ. 1960ರ ದಶಕದ ನಡುವೆ ವಯನಾಡಿನ ಚುಂಡೇಲ್‌ನಲ್ಲಿ ಅವರ ಪ್ರಾತ್ಯಕ್ಷಿಕೆ ತೋಟ ಶುರುವಾಯಿತು. ಏಡ್ರಿಯನ್ ಅಧ್ಯಕ್ಷ ಆದ ಕಾಲವೇ ಅದು. ಅಲ್ಲಿಂದ ಕೇರಳಕ್ಕೆ, ನಮ್ಮ ದಕ್ಷಿಣ ಕನ್ನಡಕ್ಕೆ. ಅಡಿಕೆ ಮರದ ನೆರಳು ಇದಕ್ಕೆ ಹೇಳಿ ಮಾಡಿಸಿದ್ದು. ನೀರು ಹೇಗೂ ಅಡಿಕೆಗೆ ಬಿಡುವುದೇ. ಕಾಯಿ ಹಳದಿಯಾದ ಮೇಲೆ ಕೊಯ್ಯಬೇಕು. ಕತ್ತಿ ಹಾಕಿದರೆ ಒಳಗಿನ ಬೀಜಕ್ಕೆ ಪೆಟ್ಟಾಗ್ತದೆ, ಹಾಗಾಗಿ ಕಾಯನ್ನು ಗಟ್ಟಿ ಜಾಗಕ್ಕೆ ಬಡಿದು ಒಡೆಯುವುದು. ಒಳಗೆ ಬಿಳಿ ತಿರುಳು, ಸಿಹಿ ಹುಳಿ. ಮಕ್ಕಳಿಗೆ ಅದನ್ನು ಚೀಪುವುದೇ ಸಂಭ್ರಮ. ಅಳಿಲು, ಇಲಿಗಳಿಗೂ ಅದೇ ಸಂಭ್ರಮ, ನಮಗೆ ತಲೆನೋವು! ಬೀಜವನ್ನು ಸುಮಾರು ಆರು ದಿನ ರಾಶಿ ಹಾಕಿ ಹುಳಿ ಬರಿಸಬೇಕು, ನಡುವೆ ಮಗುಚಬೇಕು. ಆಮೇಲೆ ಒಣಗಿಸುವುದು. ಚಾಕೊಲೇಟಿನ ಪರಿಮಳ ಹುಟ್ಟುವುದಕ್ಕೆ ಶುರುವಾಗುವುದೇ ಆ ಹುಳಿಯಲ್ಲಿ. ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಹಸಿ ಬೀಜವನ್ನೇ ತೂಗಿ ಕೊಟ್ಟು ಬರುವುದು.

1980ರ ಆಸುಪಾಸಿಗೆ ಜಗತ್ತಿನ ಪೇಟೆಯಲ್ಲಿ ಧಾರಣೆ ಬಿತ್ತು. ಖಾಸಗಿಯವರ ಖರೀದಿ ಇಳಿಯಿತು. ಗಿಡ ಕಡಿದು ಹಾಕಿದವರೂ ಇದ್ದಾರೆ. ಆಗ ಮುಂದೆ ಬಂದದ್ದು ಕ್ಯಾಂಪ್ಕೋ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ. ಅದು ಕೊಕ್ಕೋ ಖರೀದಿಗೂ ಇಳಿಯಿತು. ಕೊಂಡ ಬೀಜ ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಫ್ಯಾಕ್ಟರಿ ಹಾಕಿದರು.

ಬರ್ಮಿಂಗ್‌ಹ್ಯಾಮಿನ ಅಧ್ಯಕ್ಷರಿಗೆ ಪುತ್ತೂರು ಅಂದರೆ ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆ ಕೂಡ ಇರಲಿಕ್ಕಿಲ್ಲ. ಅವರ ಮೇಲೆ ನನಗೇನೂ ಕೋಪ ಇಲ್ಲ. ಆದರೆ ನೀವೆಲ್ಲ ಬೋರ್ಡಿನಲ್ಲಿ ಷೇರುದಾರನ ಪರವಾಗಿ ಯಾರು ಕೇಳುವುದು ಅಂತ ಮಾತಾಡ್ತಾ ಇದ್ದೀರಿ. ಬೀಜ ಬೆಳೆದವನ ಪರವಾಗಿ ಕೇಳುವವನು ಆ ಟೇಬಲ್ಲಿನಲ್ಲಿ ಯಾರು? ಕ್ಯಾಂಪ್ಕೋದಲ್ಲಿ ಬೆಳೆಗಾರನೇ ಸದಸ್ಯ, ಅವನೇ ಓಟು ಹಾಕುವುದು. ಅಲ್ಲಿಯೂ ರಾಜಕೀಯ ಉಂಟು, ಇಲ್ಲ ಅನ್ನುವುದಿಲ್ಲ.

ಕಾಮರ್ಸ್ ಮೇಡಂ

ಅಡಿಕೆ ತೋಟದವರೇ, ಇದು ಬರಿ ನಿಮ್ಮೂರಿನ ಪ್ರಶ್ನೆ ಅಲ್ಲ. ವರದಿಯ ಮೇಲೆ ಅಲ್ಲಿಯೇ ಬಂದ ಟೀಕೆ ಇದು. ವರದಿಯ ಗಮನ ಪೂರ್ತಿ ಹಣಕಾಸಿನ ಕಡೆಗೆ: ಲೆಕ್ಕ, ಆಡಿಟ್, ಷೇರುದಾರ. ನೌಕರ, ಊರು, ಬೆಳೆಗಾರ ಇವರ್ಯಾರೂ ಅದರ ಚೌಕಟ್ಟಿನಲ್ಲಿ ಇಲ್ಲ. ಸಮಿತಿಗೆ ವಹಿಸಿದ ಕೆಲಸವೇ ಅಷ್ಟು ಅನ್ನೋದು ನಿಜ. ಆದರೂ ಬೋರ್ನ್‌ವಿಲ್ ಕಟ್ಟಿದ ಮನೆಯವರಿಂದ ಇನ್ನೊಂದು ಸಾಲು ನಿರೀಕ್ಷೆ ಮಾಡೋದು ತಪ್ಪಲ್ಲ.

ವರದಿಯಲ್ಲಿ ನಿಜಕ್ಕೂ ಏನಿದೆ ಅಂತಾನೂ ಹೇಳಿಬಿಡ್ತೀನಿ, ಓದದೇ ಹೊಗಳೋರೂ ಜಾಸ್ತಿ, ಬೈಯೋರೂ ಜಾಸ್ತಿ. 1992ರ ಡಿಸೆಂಬರ್ 1ರಂದು ಬಂತು. ಕಂಪನಿಯ ನೆತ್ತಿಯಲ್ಲಿ ಕೆಲಸ ಹಂಚಿಕೆ ಆಗಿರಬೇಕು, ಯಾರೊಬ್ಬರಿಗೂ ಲಂಗುಲಗಾಮಿಲ್ಲದ ಅಧಿಕಾರ ಇರಬಾರದು. ಅಧ್ಯಕ್ಷ, ಸಿಇಒ ಒಬ್ಬರೇ ಇರಲೇಬಾರದು ಅಂತ ಅದು ಕಡ್ಡಾಯ ಮಾಡಲಿಲ್ಲ. ಒಬ್ಬರೇ ಆಗಿದ್ದರೆ ಬೋರ್ಡಿನಲ್ಲಿ ಗಟ್ಟಿಯಾದ ಸ್ವತಂತ್ರ ದನಿ ಇರಬೇಕು ಅಂದಿತು. ಹೊರಗಿನ ನಿರ್ದೇಶಕರು ಕನಿಷ್ಠ 3 ಜನ. ಲೆಕ್ಕಪತ್ರದ ಮೇಲೆ ಕಣ್ಣಿಡೋಕೆ ಅವರದ್ದೇ ಆಡಿಟ್ ಸಮಿತಿ. ಯಾವ ನಿರ್ದೇಶಕನ ಒಪ್ಪಂದವೂ ಷೇರುದಾರರನ್ನು ಕೇಳದೆ 3 ವರ್ಷ ಮೀರಬಾರದು. ಅಧ್ಯಕ್ಷರ ಸಂಬಳ ಎಷ್ಟು ಅಂತ ಕಂಪನಿಯ ವಾರ್ಷಿಕ ವರದಿಯಲ್ಲಿ ಹಾಕಬೇಕು.

ಇದೆಲ್ಲ ಕಾನೂನಲ್ಲ. ಪಾಲಿಸಿ, ಇಲ್ಲ ಅಂದ್ರೆ ಯಾಕೆ ಪಾಲಿಸಿಲ್ಲ ಅಂತ ಷೇರುದಾರರಿಗೆ ಬರೆದು ಹೇಳಿ. ಅಷ್ಟೇ. ಅದನ್ನು ಹೇಳುವುದನ್ನು ಮಾತ್ರ ಲಂಡನ್ ಷೇರುಪೇಟೆ ಕಡ್ಡಾಯ ಮಾಡಿತು. ಏಡ್ರಿಯನ್ ಅವರ ಜಾಣತನ ಪೂರ್ತಿ ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಕಾನೂನು ಮಾಡಿದ್ದರೆ ವಕೀಲರು ಸಂದಿ ಹುಡುಕುತ್ತಿದ್ದರು. ಕಾರಣ ಕೊಡು ಅಂದಾಗ ಮುಖ ತೋರಿಸಬೇಕಾಗುತ್ತೆ.

ಐಟಿ ಪಾರ್ಕ್ ಹುಡುಗ

ಮೇಡಂ, ಮುಖ ತೋರಿಸೋಕೆ ನಾಚಿಕೆ ಇರಬೇಕಲ್ಲ 🙂

ನಮ್ಮ ದೇಶಕ್ಕೆ ಇದು ಹೇಗೆ ಬಂತು ನೋಡಿ. 1998ರಲ್ಲಿ ಉದ್ಯಮಿಗಳ ಒಕ್ಕೂಟ ಸಿಐಐ ಒಂದು ಸ್ವಯಂಪ್ರೇರಿತ ನಿಯಮಾವಳಿ ಮಾಡಿತು. 1999ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕುಮಾರಮಂಗಲಂ ಬಿರ್ಲಾ ಸಮಿತಿ ಮಾಡಿತು, 2000ದಲ್ಲಿ ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತದ ನಿಯಮ ಕ್ಲಾಸ್ 49 ಬಂತು. 2003ರಲ್ಲಿ ನಮ್ಮ ನಾರಾಯಣ ಮೂರ್ತಿ ಅವರ ಸಮಿತಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬೆಂಗಳೂರಿಗೂ ಬೋರ್ನ್‌ವಿಲ್‌ಗೂ ಹೀಗೊಂದು ನೆಂಟಸ್ತಿಕೆ.

ಆದ್ರೆ 2009ರ ಜನವರಿ 7ಕ್ಕೆ ಹೈದರಾಬಾದಿನ ಐಟಿ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದ್ರು, ಲೆಕ್ಕ ಎಲ್ಲಾ ಸುಳ್ಳು ಅಂತ. ಆ ಬೋರ್ಡಿನಲ್ಲಿ ಸ್ವತಂತ್ರ ನಿರ್ದೇಶಕರು ಇದ್ರು, ಹಾರ್ವರ್ಡ್ ಪ್ರೊಫೆಸರ್ ಇದ್ರು, ಆಡಿಟ್ ಸಮಿತಿ ಇತ್ತು. ಹಿಂದಿನ ವರ್ಷ ತಾನೇ ಕಾರ್ಪೊರೇಟ್ ಆಡಳಿತಕ್ಕೆ ಪ್ರಶಸ್ತಿ ಬೇರೆ ಬಂದಿತ್ತು! ಪಟ್ಟಿಯಲ್ಲಿ ಎಲ್ಲದಕ್ಕೂ ಟಿಕ್. ಒಳಗೆ ಪೊಳ್ಳು.

ಅಧ್ಯಕ್ಷ, ಎಂಡಿ ಬೇರೆ ಇರಬೇಕು ಅನ್ನೋದರ ಗತಿ ನೋಡಿ. ದೊಡ್ಡ 500 ಕಂಪನಿಗಳಿಗೆ 2020ರಿಂದ ಕಡ್ಡಾಯ ಅಂತ ಸೆಬಿ ಹೇಳಿತು. ಆಮೇಲೆ 2022ಕ್ಕೆ ಮುಂದೂಡಿತು. 2022ರ ಫೆಬ್ರವರಿಯಲ್ಲಿ ನಿಮ್ಮಿಷ್ಟ ಅಂದುಬಿಟ್ಟಿತು. ನಮ್ಮಲ್ಲಿ ಅಪ್ಪ ಚೇರ್ಮನ್, ಮಗ ಎಂಡಿ. ಕುಟುಂಬದ ಕಂಪನಿಗಳು ಒಪ್ಪೋದು ಕಷ್ಟ.

ಬಸವನಗುಡಿ ಬೆಂಚು

ಸತ್ಯಂ ಉದಾಹರಣೆ ನೀವು ನನ್ನ ವಾದಕ್ಕೆ ಎದುರಾಗಿ ಕೊಟ್ಟಿರಿ, ನನಗದು ಪರವಾಗಿ ಕಾಣ್ತಿದೆ. ವರದಿ ಕೊಟ್ಟದ್ದು ಕುರ್ಚಿಗಳನ್ನು ಹೇಗೆ ಜೋಡಿಸಬೇಕು ಅನ್ನೋದನ್ನು. ಕೂತವನು ಬಾಯಿ ಬಿಡಬೇಕು. ಬಾಯಿ ಬಿಡಿಸುವುದು ಅಧ್ಯಕ್ಷನ ಕಸುಬು. ಯಾರನ್ನು ಮೊದಲು ಮಾತಾಡಿಸಬೇಕು, ಯಾವ ಕಾಗದ ಎಷ್ಟು ದಿನ ಮುಂಚೆ ಕಳಿಸಬೇಕು, ಎಂಡಿಗೆ ಇಷ್ಟವಿಲ್ಲದ ವಿಷಯವನ್ನು ಕೊನೆಗೆ ತಳ್ಳದೆ ಹೇಗೆ ಮುಂದೆ ಇಡಬೇಕು. ನಾನು ಕಂಪನಿ ಸೆಕ್ರೆಟರಿ ಕೆಲಸದಲ್ಲಿ ಇರುವವನು, ಬೋರ್ಡ್ ಮೀಟಿಂಗಿನ ನಡಾವಳಿ ಬರೆಯುವುದೇ ನನ್ನ ಹೊಟ್ಟೆಪಾಡು. 200 ಪುಟದ ಕಡತವನ್ನು ಹಿಂದಿನ ರಾತ್ರಿ ಕಳಿಸಿ, ಬೆಳಿಗ್ಗೆ ಉಪ್ಪಿಟ್ಟು ತಿನ್ನುವಷ್ಟರಲ್ಲಿ ಎಲ್ಲ ಪಾಸು ಮಾಡಿಸುವ ಅಧ್ಯಕ್ಷರನ್ನೂ ನೋಡಿದ್ದೇನೆ. 'ನೀವು ಇನ್ನೂ ಏನೂ ಹೇಳಿಲ್ಲ' ಅಂತ ಮೂಲೆಯಲ್ಲಿ ಕೂತವರನ್ನು ಹೆಸರು ಹಿಡಿದು ಕೇಳುವವರನ್ನೂ ನೋಡಿದ್ದೇನೆ. ಎರಡೂ ಕಡೆ ವಾರ್ಷಿಕ ವರದಿಯಲ್ಲಿ ಬರೆಯುವ ಸಾಲುಗಳು ಒಂದೇ.

ಸಂಶಯ ಸ್ವಾಮಿ

ಹಾಗಾದ್ರೆ ನಿಯಮ ಬರೆದು ಏನು ಬಂತು? ಅವರ ಕಂಪನಿಯನ್ನಾದರೂ ಉಳಿಸಿತಾ? 2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಕಂಪನಿ ಕ್ರಾಫ್ಟ್ ಕ್ಯಾಡ್ಬರಿಯನ್ನು ಕೊಳ್ಳೋಕೆ ಬಂತು. ಮೊದಲು 1020 ಕೋಟಿ ಪೌಂಡ್ ಅಂದಿತು. 2010ರ ಜನವರಿಯಲ್ಲಿ ಸುಮಾರು 1150 ಕೋಟಿಗೆ ಬೋರ್ಡು ಒಪ್ಪಿತು. ಆ ನಡುವೆ ಹೆಡ್ಜ್ ಫಂಡುಗಳು, ಅಂದ್ರೆ ಬೇಗ ಲಾಭ ಹುಡುಕೋ ದೊಡ್ಡ ಹೂಡಿಕೆ ನಿಧಿಗಳು, ಮುಗಿಬಿದ್ದು ಷೇರು ಕೊಂಡವು. ಮೊದಲು 5% ಇದ್ದದ್ದು 30%ಗೆ ಏರಿತು. ಅವರಿಗೆ ಬೋರ್ನ್‌ವಿಲ್ ಯಾವ ದಿಕ್ಕಿಗಿದೆ ಅಂತಾನೂ ಬೇಕಿರಲಿಲ್ಲ. 186 ವರ್ಷದ ಕಂಪನಿ ಪರರ ಪಾಲಾಯ್ತು. ಎಲ್ಲ ನಿಯಮದ ಪ್ರಕಾರವೇ!

ಬ್ರಿಸ್ಟಲ್ ಹತ್ತಿರದ ಸೋಮರ್‌ಡೇಲ್ ಕಾರ್ಖಾನೆ ಮುಚ್ಚುವುದಿಲ್ಲ ಅಂತ ಕ್ರಾಫ್ಟ್ ಹೇಳಿಕೊಂಡು ಬಂದಿತ್ತು. ಕಂಪನಿ ಕೈಗೆ ಬಂದು ಒಂದು ವಾರಕ್ಕೆ ಮುಚ್ಚುತ್ತೇವೆ ಅಂದಿತು. ಕಂಪನಿ ಕೊಳ್ಳುವಿಕೆಯ ಮೇಲೆ ಕಣ್ಣಿಡುವ ಟೇಕೋವರ್ ಪ್ಯಾನೆಲ್ ಛೀಮಾರಿ ಹಾಕಿತು. ಛೀಮಾರಿಯಿಂದ ಯಾರಿಗೆ ಕೆಲಸ ಸಿಕ್ಕಿತು?

ಬೋರ್ನ್‌ವಿಲ್ ಕನ್ನಡತಿ

ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ ಸ್ವಾಮಿ. ಸೋಮರ್‌ಡೇಲ್ ಮುಚ್ಚುವ ನಿರ್ಧಾರವನ್ನು ಕ್ಯಾಡ್ಬರಿಯೇ 2007ರಲ್ಲಿ ಮಾಡಿತ್ತು ಅನ್ನೋದೂ ನಿಜ. ಕ್ರಾಫ್ಟ್ ಮಾಡಿದ್ದು ಸುಮ್ನೆ ಆಸೆ ಹುಟ್ಟಿಸಿ ಕೈ ಎತ್ತಿದ್ದು. ಮುಂದೆ 2011ರಲ್ಲಿ ಟೇಕೋವರ್ ನಿಯಮ ಬದಲಾಯಿಸಿದರು, ಕೊಳ್ಳುವವರು ಆಡಿದ ಮಾತಿಗೆ ಕಟ್ಟುಬೀಳಬೇಕು ಅಂತ.

ಶ್ವೆಪ್ಸ್ ಜೊತೆ ಸೇರದೇ ಇದ್ದಿದ್ದರೆ ಕಂಪನಿ ಮನೆಯವರ ಹಿಡಿತದಲ್ಲೇ ಉಳಿಯುತ್ತಿತ್ತಾ? ಇರಬಹುದು. ಆದರೆ ಇನ್ನೊಂದು ಕ್ವೇಕರ್ ಚಾಕೊಲೇಟ್ ಕಂಪನಿ ರೌನ್‌ಟ್ರೀ ಏನಾಯಿತು? 1988ರಲ್ಲೇ ನೆಸ್ಲೆ ನುಂಗಿತು. ಕ್ಯಾಡ್ಬರಿ ಇನ್ನೂ 22 ವರ್ಷ ಸ್ವಂತ ಕಾಲ ಮೇಲೆ ನಿಂತಿತು. ಏಡ್ರಿಯನ್ ಮಾಡಿದ ವಿಲೀನದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಅವರು ಮಾರಾಟ ಆದ ಮೇಲೂ ಬದುಕಿದ್ದರು. 2012ರಲ್ಲಿ 83ನೇ ವಯಸ್ಸಿನಲ್ಲಿ ಒಲಿಂಪಿಕ್ ಜ್ಯೋತಿ ಹಿಡಿದು ನಡೆದರು. ತೀರಿಕೊಂಡದ್ದು 2015ರ ಸೆಪ್ಟೆಂಬರ್ 3ರಂದು.

ಅಡಿಕೆ ತೋಟ

ರೌನ್‌ಟ್ರೀ ಮಾತು ಸರಿ ಉಂಟು. ದೊಡ್ಡ ಮೀನು, ಸಣ್ಣ ಮೀನು. ನಮ್ಮ ಪುತ್ತೂರಿನ ಫ್ಯಾಕ್ಟರಿಯನ್ನು ಹಾಗೆ ಯಾರೂ ಕೊಳ್ಳಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಪೇಟೆಯಲ್ಲಿ ಅದರ ಷೇರೇ ಇಲ್ಲ.

ಐಟಿ ಪಾರ್ಕ್ ಹುಡುಗ

ಅದು ಪಾಯಿಂಟ್ 👌

ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ನನ್ನ ಹತ್ತಿರ ಎರಡು ಕಂಪನಿಯ ಷೇರು ಸ್ವಲ್ಪ ಸ್ವಲ್ಪ ಇದೆ. ಅವರ ವಾರ್ಷಿಕ ವರದಿಯಲ್ಲಿ ಇದನ್ನೆಲ್ಲ ಎಲ್ಲಿ ನೋಡಬೇಕು? 300 ಪುಟ ಇದೆ.

ಬಸವನಗುಡಿ ಬೆಂಚು

ಕಾರ್ಪೊರೇಟ್ ಗವರ್ನೆನ್ಸ್ ಅಂತ ಒಂದು ಭಾಗ ಇರುತ್ತೆ, ಅಲ್ಲಿಗೆ ನೇರ ಹೋಗಿ. ಅಧ್ಯಕ್ಷರು ಯಾರು, ಎಂಡಿ ಯಾರು, ಸಂಬಂಧ ಏನು ನೋಡಿ. ಆಮೇಲೆ ಹಾಜರಾತಿ ಪಟ್ಟಿ. ಸ್ವತಂತ್ರ ನಿರ್ದೇಶಕರು ಎಷ್ಟು ಮೀಟಿಂಗಿಗೆ ಬಂದಿದ್ದಾರೆ, ಇನ್ನೆಷ್ಟು ಕಂಪನಿಯ ಬೋರ್ಡಿನಲ್ಲಿ ಕೂತಿದ್ದಾರೆ ಅಂತ ಇರುತ್ತೆ. ವರ್ಷದ ನಡುವೆ ಯಾರಾದರೂ ನಿರ್ದೇಶಕ ಅಥವಾ ಆಡಿಟರ್ 'ವೈಯಕ್ತಿಕ ಕಾರಣ'ದಿಂದ ಬಿಟ್ಟು ಹೋಗಿದ್ದರೆ ಆ ಪುಟವನ್ನು ಎರಡು ಸಲ ಓದಿ.

ಹೊಸಬ

ಒಂದರಲ್ಲಿ ಆಡಿಟರ್ ಬಿಟ್ಟು ಹೋಗಿದ್ದಾರೆ ಸರ್. ಕಾರಣ 'ಕೆಲಸದ ಒತ್ತಡ' ಅಂತಿದೆ.

ಸಂಶಯ ಸ್ವಾಮಿ

ಕಾರಣ ಕೊಟ್ಟಿದ್ದಾರಲ್ಲ, ನಿಯಮ ಪಾಲನೆ ಆಯ್ತು. ನೀನು ಯಾವ ಕಂಪನಿ ಅಂತ ನನಗೆ ಮೆಸೇಜ್ ಮಾಡಪ್ಪ.